ಬರೆಯುವ ಮೊದಲೇ ಸಂದ ಗೌರವ: ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಕೃತಿ ಬರೆಸುವ ಪದ್ಧತಿಯ ಚರಿತ್ರೆ

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಸಂಯೋಜಕರಿಗೆ, ಅಂದರೆ ಸಂಗೀತವನ್ನು ಸ್ವರಲಿಪಿಯಲ್ಲಿ ಬರೆದು ಬೇರೆಯವರಿಗೆ ನುಡಿಸಲು ಒಪ್ಪಿಸುವವರಿಗೆ, ಸಲ್ಲುವ ಗೌರವಗಳು ಮುಖ್ಯವಾಗಿ ಎರಡು ಬಗೆಯವು. ಬರೆದು ಮುಗಿದು, ನುಡಿಸಿ ಕೇಳಿದ ಕೃತಿಯನ್ನು ಮೆಚ್ಚಿ ಕೊಡುವ ಬಹುಮಾನ ಒಂದು ಬಗೆಯದು. 1943ರಲ್ಲಿ ಆರಂಭವಾದ ಅಮೆರಿಕದ ಪುಲಿಟ್ಜರ್ ಸಂಗೀತ ಪ್ರಶಸ್ತಿ ಇದಕ್ಕೆ ಉದಾಹರಣೆ. ಹಾಳೆಯ ಮೇಲೆ ಇನ್ನೂ ಒಂದು ಸ್ವರವೂ ಮೂಡದಿರುವಾಗ, ಸಂಯೋಜಕನ ಹಿಂದಿನ ಕೆಲಸವನ್ನಷ್ಟೇ ನಂಬಿ, ಮುಂದೊಂದು ಕೃತಿಯನ್ನು ಬರೆದುಕೊಡಲೆಂದು ಕೊಡುವ ಹಣ ಇನ್ನೊಂದು ಬಗೆಯದು. ಈ ಲೇಖನದಲ್ಲಿ ಅದನ್ನು ರಚನಾ ಪುರಸ್ಕಾರ ಎಂದೂ, ಅದರಿಂದ ಹುಟ್ಟಿದ ಸಂಗೀತವನ್ನು ನಿಯೋಜಿತ ಕೃತಿ ಎಂದೂ ಕರೆಯಲಾಗಿದೆ. ಅರಸರೂ ಚರ್ಚುಗಳೂ ಹಣ ಕೊಟ್ಟು ಸಂಗೀತ ಬರೆಸಿದ್ದು ಶತಮಾನಗಳಷ್ಟು ಹಳೆಯ ರೂಢಿಯೇ ಆದರೂ, ಹಣ ಕೊಟ್ಟವನು ಕೃತಿಯ ಮೇಲಿನ ತನ್ನ ಒಡೆತನವನ್ನೂ ಹಿಡಿತವನ್ನೂ ಒಂದೊಂದಾಗಿ ಬಿಟ್ಟುಕೊಟ್ಟ ನಂತರವೇ ಆ ರೂಢಿ ಪುರಸ್ಕಾರ ಎನಿಸಿಕೊಳ್ಳುವ ಯೋಗ್ಯತೆ ಪಡೆಯಿತು. ಇದಕ್ಕೆ ಹಿಡಿದ ಕಾಲ ಸುಮಾರು ಇನ್ನೂರು ವರ್ಷ.

ಹಳೆಯ ವ್ಯವಸ್ಥೆ ಹೇಗಿತ್ತು ಎಂಬುದಕ್ಕೆ ಜೋಸೆಫ್ ಹೈಡನ್ 1761ರ ಮೇ 1ರಂದು ಎಸ್ಟರ್‌ಹಾಜಿ ರಾಜಮನೆತನದೊಡನೆ ಮಾಡಿಕೊಂಡ ಕರಾರುಪತ್ರವೇ ಸಾಕ್ಷಿ. ಹಂಗೇರಿಯ ಆ ಶ್ರೀಮಂತ ಮನೆತನದಲ್ಲಿ ಉಪ ಸಂಗೀತಾಧಿಕಾರಿಯಾಗಿ ನೇಮಕಗೊಂಡ ಹೈಡನ್ನನು ಪ್ರಭುಗಳು ಆಜ್ಞಾಪಿಸಿದ ಸಂಗೀತವನ್ನು ಬರೆದುಕೊಡಬೇಕು, ಅದರ ಪ್ರತಿಯನ್ನು ಹೊರಗಿನ ಯಾರಿಗೂ ಕೊಡಬಾರದು, ಪ್ರಭುಗಳ ಅಪ್ಪಣೆಯಿಲ್ಲದೆ ಬೇರೆಯವರಿಗಾಗಿ ಏನನ್ನೂ ರಚಿಸಬಾರದು ಎಂದು ಆ ಪತ್ರ ವಿಧಿಸಿತ್ತು. ಬಿಳಿಯ ಕಾಲುಚೀಲ ತೊಟ್ಟು, ಕೂದಲಿಗೆ ಪುಡಿ ಹಚ್ಚಿ ಕೆಲಸಕ್ಕೆ ಬರಬೇಕೆಂಬ ನಿಯಮವೂ ಅದೇ ಕಾಗದದಲ್ಲಿತ್ತು. ಸಂಗೀತವು ಅಲ್ಲಿ ಅರಮನೆಯ ಇತರ ಸೇವೆಗಳಂತೆ ಒಂದು ಸೇವೆಯಾಗಿತ್ತು, ಕೃತಿ ಒಡೆಯನ ಸ್ವತ್ತಾಗಿತ್ತು. 1779ರಲ್ಲಿ ಹೊಸ ಕರಾರು ಬರೆದಾಗ ಈ ನಿರ್ಬಂಧವನ್ನು ಕೈಬಿಟ್ಟದ್ದರಿಂದಲೇ, ಪ್ಯಾರಿಸ್ಸಿನ ಒಂದು ಸಂಗೀತ ಸಂಘವು 1785ರ ಸುಮಾರಿಗೆ ಹೈಡನ್ನನಿಂದ ಆರು ಸಿಂಫನಿಗಳನ್ನು, ಅಂದರೆ ಪೂರ್ಣ ವಾದ್ಯವೃಂದಕ್ಕಾಗಿ ಹಲವು ಭಾಗಗಳಲ್ಲಿ ಬರೆಯುವ ದೊಡ್ಡ ರಚನೆಗಳನ್ನು, ಬರೆಸಿಕೊಳ್ಳುವುದು ಸಾಧ್ಯವಾಯಿತು. ಒಂದೊಂದು ಸಿಂಫನಿಗೆ ಸಂಘ ಕೊಟ್ಟದ್ದು 25 ಚಿನ್ನದ ನಾಣ್ಯಗಳು. ಇಷ್ಟರಿಂದಲೇ ಒಡೆತನದ ಪ್ರಶ್ನೆ ಬಗೆಹರಿಯಲಿಲ್ಲ. 1791ರಲ್ಲಿ ವಾಲ್ಸೆಗ್ ಎಂಬ ಕೌಂಟ್ ತನ್ನ ತೀರಿಕೊಂಡ ಪತ್ನಿಯ ನೆನಪಿಗಾಗಿ, ಹೆಸರು ಮರೆಮಾಚಿ, ಅರ್ಧ ಹಣ ಮುಂಗಡ ಕೊಟ್ಟು ಮೊಜಾರ್ಟ್‌ನಿಂದ ರಿಕ್ವಿಯಂ ಎಂಬ ಮೃತಸಂಸ್ಮರಣೆಯ ಸಂಗೀತವನ್ನು ಬರೆಸಲು ಹೊರಟದ್ದು ಅದನ್ನು ತನ್ನದೇ ರಚನೆಯೆಂದು ಹೇಳಿಕೊಳ್ಳುವ ಉದ್ದೇಶದಿಂದ. ಹಣ ಕೊಟ್ಟವನು ಕರ್ತೃತ್ವವನ್ನೂ ಕೊಳ್ಳಬಹುದೆಂಬ ಭಾವನೆ ಆ ಕಾಲದಲ್ಲಿ ಇನ್ನೂ ಜೀವಂತವಾಗಿತ್ತು.

ಬೆಥೋವನ್‌ನ ಕಾಲಕ್ಕೆ ಸಂಬಂಧದ ಸ್ವರೂಪ ಬದಲಾಗತೊಡಗಿತು. ರಷ್ಯದ ರಾಜಕುಮಾರ ನಿಕೊಲಾಯ್ ಗಾಲಿತ್ಸಿನ್ 1822ರಲ್ಲಿ ಬೆಥೋವನ್‌ಗೆ ಪತ್ರ ಬರೆದು, ಒಂದೋ ಎರಡೋ ಮೂರೋ ತಂತಿವಾದ್ಯ ಚತುಷ್ಟಯಗಳನ್ನು, ಅಂದರೆ ಎರಡು ಪಿಟೀಲು, ಒಂದು ವಿಯೋಲ, ಒಂದು ಚೆಲ್ಲೊಗಳಿಗಾಗಿ ಬರೆಯುವ ರಚನೆಗಳನ್ನು, ಕೇಳಿದನಲ್ಲದೆ ಸಂಭಾವನೆಯನ್ನು ಸಂಯೋಜಕನೇ ನಿಗದಿಪಡಿಸಬಹುದೆಂದು ತಿಳಿಸಿದನು. ಒಂದಕ್ಕೆ 50 ಡಕಟ್ ಎಂದು ಬೆಥೋವನ್ ಉತ್ತರಿಸಿದ. ಅವನ ಕೊನೆಗಾಲದ ಚತುಷ್ಟಯಗಳಲ್ಲಿ ಮೂರು ಹುಟ್ಟಿದ್ದು ಈ ಬೇಡಿಕೆಯಿಂದ. ಹಣವೇನೋ ಸಕಾಲಕ್ಕೆ ಬರಲಿಲ್ಲ. 1827ರಲ್ಲಿ ಬೆಥೋವನ್ ತೀರಿಕೊಂಡ ಮೇಲೂ ಬಾಕಿಯ ತಕರಾರು ಉಳಿದೇ ಇತ್ತು. ಆದರೆ ಕೃತಿ ಹೇಗಿರಬೇಕು, ಎಷ್ಟು ದೀರ್ಘವಾಗಿರಬೇಕು ಎಂಬುದರಲ್ಲಿ ರಾಜಕುಮಾರನು ಕೈಹಾಕಲಿಲ್ಲ ಎಂಬುದು ಈ ಪದ್ಧತಿಯ ಚರಿತ್ರೆಯಲ್ಲಿ ಬಾಕಿಗಿಂತ ದೊಡ್ಡ ಸಂಗತಿ. ಅದೇ 1822ರಲ್ಲಿ ಲಂಡನ್ನಿನ ಫಿಲ್‌ಹಾರ್ಮೊನಿಕ್ ಸೊಸೈಟಿ ಒಂದು ಹೊಸ ಸಿಂಫನಿಯ ಹಸ್ತಪ್ರತಿಗಾಗಿ 50 ಪೌಂಡ್ ಕೊಡಲು ನಿರ್ಧರಿಸಿತು. ಬೆಥೋವನ್‌ನ ಒಂಬತ್ತನೆಯ ಸಿಂಫನಿ ಹೀಗೆ ಚಂದಾ ಕೂಡಿಸಿದ ನಾಗರಿಕರ ಸಂಘವೊಂದರ ಹಣಕ್ಕೂ ಋಣಿ. ಅದರ ಮೊದಲ ಪ್ರದರ್ಶನ 1824ರ ಮೇ 7ರಂದು ವಿಯೆನ್ನಾದಲ್ಲಿ ನಡೆದು, ಲಂಡನ್ನಿನ ಸರದಿ ಮರುವರ್ಷವಷ್ಟೇ ಬಂದಿತು.

ಸರ್ಕಾರಗಳು ಈ ಕ್ಷೇತ್ರಕ್ಕೆ ಬಂದಾಗ ಬೇರೊಂದು ಮಾದರಿ ಬೆಳೆಯಿತು. ಫ್ರಾನ್ಸಿನ ರೋಮ್ ಪುರಸ್ಕಾರ ಚಿತ್ರಕಾರರಿಗೂ ಶಿಲ್ಪಿಗಳಿಗೂ ಮೊದಲೇ ಇದ್ದು, 1803ರಿಂದ ಸಂಯೋಜಕರಿಗೂ ಸಿಗತೊಡಗಿತು. ಅಂತಿಮ ಸುತ್ತಿಗೆ ಬಂದ ಸ್ಪರ್ಧಿಗಳನ್ನು ವಾರಗಟ್ಟಲೆ ಪ್ರತ್ಯೇಕ ಕೋಣೆಗಳಲ್ಲಿ ಇರಿಸಿ, ಕೊಟ್ಟ ಪಠ್ಯಕ್ಕೆ ಕ್ಯಾಂಟಾಟಾವನ್ನು, ಅಂದರೆ ವಾದ್ಯಗಳ ಜೊತೆ ಹಾಡುವ ಕಥನಗೀತವನ್ನು, ಬರೆಸುತ್ತಿದ್ದರು. ಗೆದ್ದವರಿಗೆ ರೋಮ್ ನಗರದ ವಿಲಾ ಮೆದಿಚಿಯಲ್ಲಿ ಸರ್ಕಾರದ ಖರ್ಚಿನಲ್ಲಿ ವಾಸ ದೊರೆಯುತ್ತಿತ್ತು. ಬರ್ಲಿಯೋಜ್ ಹಲವು ಬಾರಿ ಸೋತು 1830ರಲ್ಲಿ ಇದನ್ನು ಗೆದ್ದ, ದೆಬ್ಯುಸಿ 1884ರಲ್ಲಿ ಗೆದ್ದ, ಲಿಲಿ ಬುಲಾಂಜೆ 1913ರಲ್ಲಿ ತನ್ನ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಇದನ್ನು ಪಡೆದ ಮೊದಲ ಮಹಿಳಾ ಸಂಯೋಜಕಿಯಾದಳು. ಆದರೆ 1905ರಲ್ಲಿ, ಆಗಲೇ ಹೆಸರು ಮಾಡಿದ್ದ ಮಾರಿಸ್ ರಾವೆಲ್‌ನನ್ನು ಪ್ರಾಥಮಿಕ ಸುತ್ತಿನಲ್ಲೇ ಹೊರಗಿಟ್ಟರು. ಅಂತಿಮ ಸುತ್ತಿಗೆ ಆಯ್ಕೆಯಾದವರೆಲ್ಲರೂ ತೀರ್ಪುಗಾರರಲ್ಲೊಬ್ಬನ ಶಿಷ್ಯರೇ ಎಂಬುದು ಬಯಲಾದಾಗ ಪತ್ರಿಕೆಗಳಲ್ಲಿ ದೊಡ್ಡ ಗದ್ದಲವೆದ್ದು, ಪ್ಯಾರಿಸ್ ಸಂಗೀತ ಶಾಲೆಯ ನಿರ್ದೇಶಕ ದ್ಯುಬ್ವಾ ಸ್ಥಾನ ತೊರೆದ ಮೇಲೆ ಆ ಜಾಗಕ್ಕೆ ಗಾಬ್ರಿಯೆಲ್ ಫೋರೆ ಬಂದನು. ಪಠ್ಯವನ್ನೂ ರೂಪವನ್ನೂ ಮೊದಲೇ ಗೊತ್ತುಮಾಡಿ ಬರೆಸಿದ ಆ ಕ್ಯಾಂಟಾಟಾಗಳಲ್ಲಿ ಇಂದು ಕೇಳಿಬರುವವು ಬೆರಳೆಣಿಕೆಯಷ್ಟೇ. ಪ್ರತಿಭೆಯನ್ನು ಗುರುತಿಸುವುದರಲ್ಲಿ ರೋಮ್ ಪುರಸ್ಕಾರ ಹಲವು ಬಾರಿ ಸರಿಯಾಗಿ ನಡೆದುಕೊಂಡಿತಾದರೂ, ಆ ಪ್ರತಿಭೆಯಿಂದ ಒಳ್ಳೆಯ ಕೃತಿಯನ್ನು ಹೊರತೆಗೆಯುವುದು ಅದಕ್ಕೆ ಅಪರೂಪಕ್ಕೆ ಮಾತ್ರ ಒದಗಿತು. 1968ರಲ್ಲಿ ಅದು ರದ್ದಾಯಿತು.

ಆಧುನಿಕ ರಚನಾ ಪುರಸ್ಕಾರದ ನಿಜವಾದ ತಳಹದಿ ಬಿದ್ದದ್ದು ಅಮೆರಿಕದಲ್ಲಿ, ಷಿಕಾಗೊದ ಸಗಟು ದಿನಸಿ ವ್ಯಾಪಾರಿಯೊಬ್ಬನ ಮಗಳಾದ ಎಲಿಜಬೆತ್ ಸ್ಪ್ರೇಗ್ ಕೂಲಿಜ್ (1864–1953) ಅವರಿಂದ. ಸ್ವತಃ ಪಿಯಾನೊ ವಾದಕಿಯಾಗಿದ್ದು, ಶ್ರವಣದೋಷದಿಂದ ಬಳಲುತ್ತಿದ್ದ ಈ ಮಹಿಳೆ, ತಂದೆತಾಯಿಗಳಿಂದ ಬಂದ ಆಸ್ತಿಯನ್ನು ಕೆಲವೇ ವಾದಕರು ಸೇರಿ ನುಡಿಸುವ ಕೋಣೆ ಸಂಗೀತಕ್ಕೆ ಮುಡಿಪಿಟ್ಟರು. 1918ರಲ್ಲಿ ಮ್ಯಾಸಚೂಸೆಟ್ಸಿನ ಪಿಟ್ಸ್‌ಫೀಲ್ಡ್‌ನಲ್ಲಿ ಅವರು ಆರಂಭಿಸಿದ ಉತ್ಸವದ ಜೊತೆಗೆ 1,000 ಡಾಲರಿನ ಸ್ಪರ್ಧಾ ಬಹುಮಾನವೂ ಇತ್ತು. 1919ರ ಸ್ಪರ್ಧೆ ವಿಯೋಲ ಮತ್ತು ಪಿಯಾನೊ ಕೃತಿಗಳಿಗೆ ಮೀಸಲಾಗಿದ್ದು, ರಚಿಸಿದವರ ಹೆಸರು ಮುಚ್ಚಿಟ್ಟ 72 ಹಸ್ತಪ್ರತಿಗಳು ತೀರ್ಪುಗಾರರ ಮುಂದೆ ಬಂದವು. ಆರು ಮಂದಿ ತೀರ್ಪುಗಾರರ ಮತ ಎರಡು ಕೃತಿಗಳ ನಡುವೆ ಸಮನಾಗಿ ಹಂಚಿಹೋದಾಗ ನಿರ್ಣಾಯಕ ಮತವನ್ನು ಕೂಲಿಜ್ ಅವರೇ ಹಾಕಬೇಕಾಯಿತು. ಗೆದ್ದ ಕೃತಿ ಅರ್ನೆಸ್ಟ್ ಬ್ಲಾಕ್‌ನದು. ಎರಡನೆಯ ಸ್ಥಾನ ಪಡೆದ ಸೊನಾಟಾದ, ಅಂದರೆ ಒಂದೆರಡು ವಾದ್ಯಗಳಿಗಾಗಿ ಹಲವು ಭಾಗಗಳಲ್ಲಿ ಬರೆಯುವ ರಚನೆಯ, ಲಕೋಟೆ ಬಿಚ್ಚಿದಾಗ ಕಂಡದ್ದು ರೆಬೆಕಾ ಕ್ಲಾರ್ಕ್ ಎಂಬ ಇಂಗ್ಲಿಷ್ ವಿಯೋಲ ವಾದಕಿಯ ಹೆಸರು. ಅಂಥ ಕೃತಿಯನ್ನು ಒಬ್ಬ ಹೆಂಗಸು ಬರೆದಿರಲಾರಳು, ಇದು ಬ್ಲಾಕ್‌ನದೇ ಇನ್ನೊಂದು ಹೆಸರಿರಬೇಕು ಎಂಬ ಗಾಳಿಮಾತು ಕೂಡ ಹಬ್ಬಿತು. ಆ ಸೊನಾಟಾ ಇಂದು ಜಗತ್ತಿನ ಬಹುತೇಕ ವಿಯೋಲ ವಾದಕರ ಅಭ್ಯಾಸದಲ್ಲಿದೆ.

ಸ್ಪರ್ಧೆ ನಡೆಸಿ ಒಂದನ್ನು ಮೇಲೆ, ಉಳಿದವನ್ನು ಕೆಳಗೆ ಇಡುವುದಕ್ಕಿಂತ ತಕ್ಕವರನ್ನು ಹುಡುಕಿ ನೇರವಾಗಿ ಬರೆಸುವುದೇ ಲೇಸೆಂಬ ಕಡೆಗೆ ಕೂಲಿಜ್ ಅವರ ಒಲವು ಕ್ರಮೇಣ ತಿರುಗಿತು. ಕ್ಲಾರ್ಕ್‌ಳಿಂದಲೂ ಅವರು 1923ರಲ್ಲಿ ಚೆಲ್ಲೊ ಕೃತಿಯೊಂದನ್ನು ಹೀಗೆಯೇ ಬರೆಸಿದರು. 1925ರಲ್ಲಿ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ, ಅಂದರೆ ಅಮೆರಿಕದ ರಾಷ್ಟ್ರೀಯ ಗ್ರಂಥಾಲಯದಲ್ಲಿ, ಸಭಾಂಗಣವೊಂದನ್ನು ಕಟ್ಟಿಸಿ, ಶಾಶ್ವತ ನಿಧಿಯನ್ನೂ ಸ್ಥಾಪಿಸಿದರು. ಖಾಸಗಿ ವ್ಯಕ್ತಿಯ ಹಣ, ಸಾರ್ವಜನಿಕ ಸಂಸ್ಥೆಯ ಆಡಳಿತ, ಸಂಯೋಜಕನ ಸ್ವಾತಂತ್ರ್ಯ ಈ ಮೂರನ್ನು ಒಂದೆಡೆ ತಂದ ಏರ್ಪಾಡು ಇದು. ಸ್ಟ್ರಾವಿನ್‌ಸ್ಕಿಯ ‘ಅಪೊಲೊ’ ನೃತ್ಯರೂಪಕ (1928), ಬಾರ್ಟೋಕ್‌ನ ಐದನೆಯ ಚತುಷ್ಟಯ (1934), ಷೋನ್‌ಬರ್ಗ್‌ನ ನಾಲ್ಕನೆಯ ಚತುಷ್ಟಯ (1936) ಈ ಒಬ್ಬ ಮಹಿಳೆಯ ಆಶ್ರಯದಲ್ಲಿ ಹುಟ್ಟಿದವು. ಏರನ್ ಕೋಪ್ಲಂಡ್‌ನ ‘ಅಪಲಾಚಿಯನ್ ಸ್ಪ್ರಿಂಗ್’ 1944ರ ಅಕ್ಟೋಬರ್ 30ರಂದು ಅದೇ ಸಭಾಂಗಣದಲ್ಲಿ ಮಾರ್ತಾ ಗ್ರಹಾಂ ತಂಡದ ನೃತ್ಯದೊಡನೆ ಮೊದಲು ಕೇಳಿಬಂದು, ಮರುವರ್ಷ ಪುಲಿಟ್ಜರ್ ಪಡೆಯಿತು. ಆ ಕೃತಿ ಮೂಲದಲ್ಲಿ ಹದಿಮೂರೇ ವಾದ್ಯಗಳಿಗೆ ಬರೆದದ್ದಾಗಿರುವುದರ ಹಿಂದೆ ಆ ಪುಟ್ಟ ರಂಗಸ್ಥಳದ ಅಳತೆಯೂ ಇತ್ತು.

ಕೂಲಿಜ್ ಹಾಕಿದ ದಾರಿಯನ್ನು ದೊಡ್ಡ ವಾದ್ಯವೃಂದದ ಸಂಗೀತಕ್ಕೆ ವಿಸ್ತರಿಸಿದವನು ಸರ್ಜ್ ಕೂಸೆವಿಟ್ಸ್‌ಕಿ. 1874ರಲ್ಲಿ ರಷ್ಯದಲ್ಲಿ ಹುಟ್ಟಿ, ಡಬಲ್ ಬಾಸ್ ಎಂಬ ಮಂದ್ರಸ್ಥಾಯಿಯ ತಂತಿವಾದ್ಯದ ವಾದಕನಾಗಿ ಹೆಸರು ಗಳಿಸಿದ ಈತ, ಶ್ರೀಮಂತ ಚಹಾ ವ್ಯಾಪಾರಿಯ ಮಗಳಾದ ನತಾಲಿಯಾಳನ್ನು ಮದುವೆಯಾಗಿ, ಆ ಸಂಪತ್ತಿನ ನೆರವಿನಿಂದ 1909ರಲ್ಲಿ ಹೊಸ ಸಂಗೀತವನ್ನು ಅಚ್ಚುಹಾಕುವ ಪ್ರಕಾಶನ ಸಂಸ್ಥೆಯನ್ನು ತೆರೆದನು. 1924ರಿಂದ 1949ರವರೆಗೆ ಬಾಸ್ಟನ್ ಸಿಂಫನಿ ವಾದ್ಯವೃಂದದ ನಿರ್ದೇಶಕನಾಗಿದ್ದಾಗ, ಆ ವೃಂದದ ಐವತ್ತನೆಯ ವರ್ಷದ ನೆಪದಲ್ಲಿ ಸ್ಟ್ರಾವಿನ್‌ಸ್ಕಿ, ಪ್ರೊಕೋಫಿಯೆಫ್, ಹಿಂಡೆಮಿತ್, ರೂಸೆಲ್ ಮೊದಲಾದವರಿಂದ ಕೃತಿಗಳನ್ನು ಬರೆಸಿದನು. ಸ್ಟ್ರಾವಿನ್‌ಸ್ಕಿಯ ‘ಸಿಂಫನಿ ಆಫ್ ಸಾಮ್ಸ್’ ಆ ಸಂದರ್ಭದ ಕೊಡುಗೆ. 1942ರ ಜನವರಿಯಲ್ಲಿ ನತಾಲಿಯಾ ತೀರಿಕೊಂಡಾಗ ಅವಳ ಸ್ಮರಣೆಗಾಗಿ ಅವನು ಕಟ್ಟಿದ ಕೂಸೆವಿಟ್ಸ್‌ಕಿ ಸಂಗೀತ ಪ್ರತಿಷ್ಠಾನಕ್ಕೆ ಇದ್ದ ಉದ್ದೇಶ ಒಂದೇ, ಜೀವಂತ ಸಂಯೋಜಕರಿಂದ ಹೊಸದನ್ನು ಬರೆಸುವುದು.

ಪ್ರತಿಷ್ಠಾನದ ಮೊದಲ ಮೂರು ನಾಲ್ಕು ವರ್ಷಗಳ ಕೆಲಸವನ್ನು ನೋಡಿದರೆ, ಇಷ್ಟು ಕಡಿಮೆ ಹಣದಲ್ಲಿ ಇಷ್ಟು ದೊಡ್ಡ ಫಲ ಪಡೆದ ಇನ್ನೊಂದು ಸಂಸ್ಥೆಯನ್ನು ಸಂಗೀತದ ಚರಿತ್ರೆಯಲ್ಲಿ ಹೆಸರಿಸುವುದು ಕಷ್ಟ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿದ್ದ ಯುವ ಬ್ರಿಟಿಷ್ ಸಂಯೋಜಕ ಬೆಂಜಮಿನ್ ಬ್ರಿಟನ್, ಒಪೆರಾವನ್ನು, ಅಂದರೆ ಹಾಡಿನಲ್ಲೇ ನಡೆಯುವ ಸಂಗೀತನಾಟಕವನ್ನು, ಬರೆಯುವ ಆಸೆಯಿದ್ದರೂ ಅದಕ್ಕೆ ಬೇಕಾದಷ್ಟು ಕಾಲ ಬೇರೆ ಕೆಲಸವಿಲ್ಲದೆ ಕುಳಿತುಕೊಳ್ಳಲು ಹಣವಿಲ್ಲವೆಂದಾಗ, ಪ್ರತಿಷ್ಠಾನ ಅವನಿಗೆ 1,000 ಡಾಲರ್ ಕೊಟ್ಟಿತು. ಹಾಗೆ ಹುಟ್ಟಿದ ‘ಪೀಟರ್ ಗ್ರೈಮ್ಸ್’ ಒಪೆರಾದ ಮೊದಲ ಪ್ರದರ್ಶನದ ಹಕ್ಕು ಕೂಸೆವಿಟ್ಸ್‌ಕಿಗೆ ಸೇರಿದ್ದರೂ ಅವನು ಅದನ್ನು ಬಿಟ್ಟುಕೊಟ್ಟನು. ಕೃತಿ 1945ರ ಜೂನ್ 7ರಂದು, ಯುರೋಪಿನಲ್ಲಿ ಯುದ್ಧ ಮುಗಿದ ಒಂದು ತಿಂಗಳಿಗೆ, ಲಂಡನ್ನಿನ ಸ್ಯಾಡ್ಲರ್ಸ್ ವೆಲ್ಸ್ ರಂಗಮಂದಿರದಲ್ಲಿ ಪ್ರದರ್ಶನಗೊಂಡು ಇಂಗ್ಲಿಷ್ ಒಪೆರಾಕ್ಕೆ ಹೊಸ ಬದುಕು ಕೊಟ್ಟಿತು. ಹೈಡನ್ನನ ಕರಾರುಪತ್ರದಲ್ಲಿ ಒಡೆಯನ ಮನೆಯ ಹೊರಗೆ ಕೃತಿಯ ಒಂದು ಪ್ರತಿಯೂ ಹೋಗುವಂತಿರಲಿಲ್ಲ. ಇಲ್ಲಿ ಬರೆಸಿದವನೇ ತನ್ನ ಹಕ್ಕನ್ನು ತೊರೆದು ಕೃತಿಯನ್ನು ಅದು ಹುಟ್ಟಬೇಕಾದ ನಾಡಿಗೆ ಕಳಿಸಿಕೊಟ್ಟನು.

ಬೆಲಾ ಬಾರ್ಟೋಕ್‌ನ ಪ್ರಸಂಗ ಇನ್ನೂ ಮನಕಲಕುವಂಥದ್ದು. ನಾತ್ಸಿಗಳ ಪ್ರಭಾವಕ್ಕೆ ಒಳಗಾದ ಹಂಗೇರಿಯನ್ನು ತೊರೆದು ಅಮೆರಿಕಕ್ಕೆ ಬಂದಿದ್ದ ಅವನು 1943ರಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯಲ್ಲಿದ್ದನು. ಹಣವಿರಲಿಲ್ಲ, ರಚನೆ ನಿಂತುಹೋಗಿತ್ತು. ದಾನ ಕೊಟ್ಟರೆ ಸ್ವೀಕರಿಸುವ ಸ್ವಭಾವ ಅವನದಾಗಿರಲಿಲ್ಲ. ಅವನ ದೇಶಬಾಂಧವರಾದ ಪಿಟೀಲು ವಾದಕ ಯೋಜೆಫ್ ಸಿಗೆಟಿ ಮತ್ತು ವೃಂದ ನಿರ್ದೇಶಕ ಫ್ರಿಟ್ಸ್ ರೈನರ್, ಅವನಿಗೆ ತಿಳಿಯದಂತೆ, ಪ್ರತಿಷ್ಠಾನದ ಗಮನಕ್ಕೆ ವಿಷಯ ತಂದರು. ಕೂಸೆವಿಟ್ಸ್‌ಕಿ ತಾನೇ ಆಸ್ಪತ್ರೆಗೆ ಹೋಗಿ, 1,000 ಡಾಲರಿನಲ್ಲಿ ಅರ್ಧವನ್ನು ಆಗಲೇ ಕೊಡುವುದಾಗಿ ಹೇಳಿದಾಗ, ಮುಗಿಸಲಾಗುವುದೋ ಇಲ್ಲವೋ ತಿಳಿಯದ ಕೆಲಸಕ್ಕೆ ಮುಂಗಡ ಪಡೆಯಲು ಬಾರ್ಟೋಕ್ ಹಿಂಜರಿದನು. ಪ್ರತಿಷ್ಠಾನದ ತೀರ್ಮಾನವನ್ನು ಹಿಂತೆಗೆಯಲು ಬರುವುದಿಲ್ಲವೆಂದು ಹೇಳಿ ಅವನನ್ನು ಒಪ್ಪಿಸಬೇಕಾಯಿತು. ಆ ಬೇಸಿಗೆಯಲ್ಲಿ ಸ್ಯಾರನಾಕ್ ಲೇಕ್ ಎಂಬ ಆರೋಗ್ಯಧಾಮದ ಊರಿನಲ್ಲಿ, ಆಗಸ್ಟ್ 15ರಿಂದ ಅಕ್ಟೋಬರ್ 8ರ ನಡುವೆ, ‘ಕಾನ್ಚೆರ್ಟೊ ಫಾರ್ ಆರ್ಕೆಸ್ಟ್ರಾ’ ಪೂರ್ಣಗೊಂಡಿತು. ಕಾನ್ಚೆರ್ಟೊ ಎಂದರೆ ಸಾಮಾನ್ಯವಾಗಿ ಒಬ್ಬ ಏಕವಾದಕನನ್ನು ವೃಂದದೆದುರು ನಿಲ್ಲಿಸುವ ರಚನೆ. ಬಾರ್ಟೋಕ್ ಇಲ್ಲಿ ವೃಂದದ ಪ್ರತಿಯೊಂದು ವಾದ್ಯವರ್ಗಕ್ಕೂ ಏಕವಾದಕನ ಗೌರವ ಕೊಟ್ಟನು. 1944ರ ಡಿಸೆಂಬರ್ 1ರಂದು ಬಾಸ್ಟನ್ನಿನಲ್ಲಿ ಅದು ಮೊದಲು ಕೇಳಿಬಂದಾಗ ಬಾರ್ಟೋಕ್ ಸಭಾಂಗಣದಲ್ಲಿದ್ದನು. 1945ರ ಸೆಪ್ಟೆಂಬರ್ 26ರಂದು ತೀರಿಕೊಂಡನು. ಮುಗಿಸುವ ಭರವಸೆಯನ್ನು ಕೊಡಲಾರದವನಿಗೂ ಮುಂಗಡ ಸಲ್ಲಬೇಕೆಂಬ ಧೈರ್ಯ ಆ ಪ್ರತಿಷ್ಠಾನಕ್ಕಿಲ್ಲದಿದ್ದರೆ ಅವನ ಕೊನೆಯ ಎರಡು ವರ್ಷಗಳು ಬರಿದಾಗಿಯೇ ಕಳೆಯುವ ಸಾಧ್ಯತೆ ಹೆಚ್ಚಾಗಿತ್ತು.

ಮೂರನೆಯ ಉದಾಹರಣೆ ಭಾರತೀಯ ಓದುಗರಿಗೆ ವಿಶೇಷ ಆಸಕ್ತಿಯದು. 1945ರಲ್ಲಿ ಫ್ರೆಂಚ್ ಸಂಯೋಜಕ ಒಲಿವಿಯೆ ಮೆಸಿಯಾನ್‌ನಿಂದ ಕೃತಿಯೊಂದನ್ನು ಬರೆಸುವಾಗ ಪ್ರತಿಷ್ಠಾನವು ಗಾತ್ರಕ್ಕಾಗಲಿ ಅವಧಿಗಾಗಲಿ ಯಾವ ಮಿತಿಯನ್ನೂ ಹಾಕಲಿಲ್ಲ. ಫಲವಾಗಿ ಬಂದ ‘ತುರಂಗಲೀಲಾ ಸಿಂಫನಿ’ ಹತ್ತು ಭಾಗಗಳ, ಒಂದು ಗಂಟೆಯನ್ನು ಮೀರುವ, ಅಪಾರ ತಾಳವಾದ್ಯಗಳನ್ನು ಬಳಸುವ ಬೃಹತ್ ರಚನೆ. ಅದನ್ನು 1949ರ ಡಿಸೆಂಬರ್ 2ರಂದು ಬಾಸ್ಟನ್ನಿನಲ್ಲಿ ಲಿಯೊನಾರ್ಡ್ ಬರ್ನ್‌ಸ್ಟೈನ್ ನಿರ್ದೇಶಿಸಿದನು. ಮೆಸಿಯಾನ್ ತನ್ನ ಲಯವಿನ್ಯಾಸಗಳಿಗೆ ಆಧಾರವಾಗಿಟ್ಟುಕೊಂಡದ್ದು ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಸೇವುಣ ಅರಸರ ಆಶ್ರಯದಲ್ಲಿ ಶಾರ್ಙ್ಗದೇವ ರಚಿಸಿದ ‘ಸಂಗೀತರತ್ನಾಕರ’ದ 120 ದೇಶೀತಾಳಗಳ ಪಟ್ಟಿ. ಅದೇ ಗ್ರಂಥಕ್ಕೆ ಹದಿನೈದನೆಯ ಶತಮಾನದಲ್ಲಿ ವಿಜಯನಗರದಲ್ಲಿದ್ದ ಕಲ್ಲಿನಾಥ ವ್ಯಾಖ್ಯಾನ ಬರೆದಿದ್ದಾನೆ. ರಾಜಾಶ್ರಯದಲ್ಲಿ ಹುಟ್ಟಿದ ಶಾಸ್ತ್ರಗ್ರಂಥವೊಂದು ಏಳು ಶತಮಾನಗಳ ನಂತರ ಅಮೆರಿಕದ ಪ್ರತಿಷ್ಠಾನದ ಹಣದಲ್ಲಿ ಹುಟ್ಟಿದ ಕೃತಿಯ ಲಯವಾಗಿ ಹರಿಯಿತು.

ಕೂಸೆವಿಟ್ಸ್‌ಕಿ ತೀರಿಕೊಳ್ಳುವುದಕ್ಕೆ (1951) ಸ್ವಲ್ಪ ಮೊದಲು ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲೂ ತನ್ನ ಹೆಸರಿನ ನಿಧಿಯನ್ನು ಸ್ಥಾಪಿಸಿದನು. ಬರೆದ ಕೃತಿಯನ್ನು ಸರ್ಜ್ ಮತ್ತು ನತಾಲಿಯಾ ಕೂಸೆವಿಟ್ಸ್‌ಕಿಯವರ ಸ್ಮರಣೆಗೆ ಅರ್ಪಿಸುವುದು, ಹಸ್ತಪ್ರತಿಯನ್ನು ಆ ಗ್ರಂಥಾಲಯದಲ್ಲಿ ಇರಿಸುವುದು ಸಂಯೋಜಕನ ಮೇಲೆ ಬೀಳುವ ಕರ್ತವ್ಯಗಳು. ಕೃತಿಯ ಹಕ್ಕು ಅವನಲ್ಲಿಯೇ ಉಳಿಯುತ್ತದೆ. ನಂತರ ಬಂದ ಅನೇಕ ರಚನಾ ಪುರಸ್ಕಾರಗಳು ಹೆಚ್ಚುಕಡಿಮೆ ಇದೇ ಜಾಡು ಹಿಡಿದವು.

ಆದರೆ ಈ ಪದ್ಧತಿಗೆ ಒಂದು ಊನ ಮೊದಲಿನಿಂದಲೂ ಇದೆ. ಹೊಸದನ್ನು ಬರೆಸುವ ಉತ್ಸಾಹ ಬರೆಸಿದ್ದನ್ನು ಮತ್ತೆ ನುಡಿಸುವುದರಲ್ಲಿ ಇರುವುದಿಲ್ಲ. 1953ರಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದಿಂದ 4,00,000 ಡಾಲರ್ ಪಡೆದ ಕೆಂಟಕಿ ರಾಜ್ಯದ ಲೂಯಿವಿಲ್ ವಾದ್ಯವೃಂದವು ಸಾಲುಸಾಲಾಗಿ ಹೊಸ ಕೃತಿಗಳನ್ನು ಬರೆಸಿ, ನುಡಿಸಿ, ಧ್ವನಿಮುದ್ರಿಸಿ ಒಂದು ಪ್ರಾಂತೀಯ ನಗರಕ್ಕೆ ಅಪೂರ್ವ ಕೀರ್ತಿ ತಂದಿತಾದರೂ, ಆ ಕೃತಿಗಳಲ್ಲಿ ಬೇರೆ ವೃಂದಗಳ ಕಾರ್ಯಕ್ರಮಗಳಿಗೆ ಏರಿದವು ಕೆಲವು ಮಾತ್ರ. ಮೊದಲ ಪ್ರದರ್ಶನವೇ ಕೊನೆಯ ಪ್ರದರ್ಶನವೂ ಆಗುವುದು ನಿಯೋಜಿತ ಕೃತಿಗಳಿಗೆ ಹತ್ತಿರುವ ರೋಗ. ಧ್ವನಿಮುದ್ರಣಕ್ಕೂ ಮರುಪ್ರದರ್ಶನಕ್ಕೂ ಹಣ ಕೊಡುವವರು, ಬರೆಸುವವರಷ್ಟೇ, ಒಮ್ಮೊಮ್ಮೆ ಅವರಿಗಿಂತ ಹೆಚ್ಚಾಗಿ, ಬೇಕಾಗುತ್ತಾರೆ.

ಮೈಸೂರು ಈ ಚರಿತ್ರೆಯೊಳಕ್ಕೆ ಪ್ರವೇಶಿಸುವುದು ಸರಿಯಾಗಿ ಈ ಜಾಗದಲ್ಲಿ. 1940ರಲ್ಲಿ ಪಟ್ಟಕ್ಕೆ ಬಂದ ಜಯಚಾಮರಾಜೇಂದ್ರ ಒಡೆಯರ್ (1919–1974) ಪಿಯಾನೊ ಸಂಗೀತವನ್ನು ಆಳವಾಗಿ ಬಲ್ಲವರಾಗಿದ್ದರು. ರಷ್ಯವನ್ನು ತೊರೆದು ಲಂಡನ್ನಿನಲ್ಲಿ ನೆಲೆಸಿದ್ದ ನಿಕೊಲಾಯ್ ಮೆಡ್ಟ್‌ನರ್, ರಾಖ್ಮಾನಿನೊವ್‌ನ ಮೆಚ್ಚಿಗೆ ಪಡೆದ ಸಂಯೋಜಕನಾಗಿದ್ದರೂ, ವೃದ್ಧಾಪ್ಯದಲ್ಲಿ ಕಾಯಿಲೆ ಮತ್ತು ಅಲಕ್ಷ್ಯಗಳಿಗೆ ಸಿಕ್ಕಿದ್ದನು. 1940ರ ದಶಕದ ಕೊನೆಯಲ್ಲಿ ಮಹಾರಾಜರ ಹಣದಿಂದ ಮೆಡ್ಟ್‌ನರ್ ಸೊಸೈಟಿ ಸ್ಥಾಪನೆಯಾಗಿ, ಅವನ ಮೂರು ಪಿಯಾನೊ ಕಾನ್ಚೆರ್ಟೊಗಳೂ ಹಲವು ಸೊನಾಟಾ ಮತ್ತು ಗೀತೆಗಳೂ ಅವನ ಕೈಯಿಂದಲೇ ನುಡಿಸಲ್ಪಟ್ಟು ಎಚ್‌.ಎಂ.ವಿ. ತಟ್ಟೆಗಳಲ್ಲಿ ಉಳಿದವು. 1951ರಲ್ಲಿ ತೀರಿಕೊಂಡ ಮೆಡ್ಟ್‌ನರ್ ತನ್ನ ಮೂರನೆಯ ಕಾನ್ಚೆರ್ಟೊವನ್ನು ಮಹಾರಾಜರಿಗೆ ಅರ್ಪಿಸಿದ್ದಾನೆ. ವಾಲ್ಟರ್ ಲೆಗ್ ಲಂಡನ್ನಿನಲ್ಲಿ ಕಟ್ಟಿದ ಫಿಲ್‌ಹಾರ್ಮೊನಿಯಾ ವಾದ್ಯವೃಂದದ ಸಂಗೀತ ಸಂಘಕ್ಕೂ ಅವರೇ ಮೊದಲ ಅಧ್ಯಕ್ಷರಾದರು. ರಿಚರ್ಡ್ ಸ್ಟ್ರಾಸ್ 1948ರಲ್ಲಿ, ಯಾರೂ ಬರೆಸದೆ ತಾನೇ ಬರೆದ, ಮರುವರ್ಷ ಕಣ್ಮುಚ್ಚುವವರೆಗೂ ಕೇಳಲಾಗದೆಹೋದ ನಾಲ್ಕು ಕೊನೆಯ ಗೀತೆಗಳನ್ನು 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಫುರ್ಟ್‌ವೆಂಗ್ಲರ್ ನಿರ್ದೇಶನದಲ್ಲಿ ಕರ್ಸ್ಟನ್ ಫ್ಲಾಗ್‌ಸ್ಟಾಡ್ ಮೊದಲ ಬಾರಿಗೆ ಹಾಡಿದಾಗ, ಆ ಕಾರ್ಯಕ್ರಮದ ಆರ್ಥಿಕ ಹೊಣೆಯನ್ನು ಹೊತ್ತವರು ಮೈಸೂರಿನ ಮಹಾರಾಜರು. ಬರೆಸುವ ಪದ್ಧತಿ ಎಲ್ಲಿ ಕೈಚೆಲ್ಲುತ್ತಿತ್ತೋ ಅಲ್ಲಿ, ಅಂದರೆ ಬರೆದಾದ ಸಂಗೀತವನ್ನು ಕಿವಿಗೆ ತಲುಪಿಸುವ ಹಂತದಲ್ಲಿ, ಅವರ ಹಣ ಕೆಲಸ ಮಾಡಿತು.

ಬರೆಸುವ ರೂಢಿಯೂ ಆ ಅರಮನೆಗೆ ಹೊಸದೇನಾಗಿರಲಿಲ್ಲ. ಅವರ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ ಅಪೇಕ್ಷೆಯಂತೆ ಆಸ್ಥಾನ ವಿದ್ವಾಂಸರಾದ ಹರಿಕೇಶನಲ್ಲೂರು ಮುತ್ತಯ್ಯ ಭಾಗವತರು ಚಾಮುಂಡೇಶ್ವರಿಯ ಅಷ್ಟೋತ್ತರದ 108 ನಾಮಗಳಿಗೆ ಒಂದೊಂದರಂತೆ ಕನ್ನಡದಲ್ಲಿ 108 ಕೃತಿಗಳನ್ನು ರಚಿಸಿದರು. ಜಯಚಾಮರಾಜೇಂದ್ರರು ತಾವೇ ‘ಶ್ರೀವಿದ್ಯಾ’ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದ ವಾಗ್ಗೇಯಕಾರರು. ಒಂದೇ ಮನೆತನದ ಒಂದೇ ಬೊಕ್ಕಸ ಚಾಮುಂಡಿಯ ಕೃತಿಗಳಿಗೂ ಮೆಡ್ಟ್‌ನರನ ಧ್ವನಿಮುದ್ರಿಕೆಗಳಿಗೂ ತೆರೆದುಕೊಂಡಿತ್ತೆಂಬ ಸಂಗತಿ ಕರ್ನಾಟಕದಲ್ಲಿ ಇಂದಿಗೂ ಬಿಡಿಬಿಡಿಯಾಗಿ ಮಾತ್ರ ಹೇಳಲ್ಪಡುತ್ತದೆ. ಮೈಸೂರು ಸಂಗೀತ ಪರಂಪರೆಯ ಚರಿತ್ರೆಯನ್ನು ಮುಂದೆ ಬರೆಯುವ ವಿದ್ವಾಂಸರು ಕೂಲಿಜ್ ಮತ್ತು ಕೂಸೆವಿಟ್ಸ್‌ಕಿಯವರ ಸಾಲಿನಲ್ಲಿ ಜಯಚಾಮರಾಜೇಂದ್ರ ಒಡೆಯರನ್ನೂ ಇರಿಸಿ, ಆಸ್ಥಾನದ ಈ ಎರಡು ಪೋಷಣೆಗಳನ್ನು ಒಂದೇ ಅಧ್ಯಾಯದಲ್ಲಿ ಪರಿಶೀಲಿಸಬೇಕು.